‘ಗ್ಲುಟೆನ್ ಫ್ರೀ’ ಎಂಬ ಮುದ್ರೆಗೆ ಹೊಣೆ ಯಾರು?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಹಿರಿಯರ ಎಚ್ಚರಿಕೆ ಇಂದಿನ ಪೊಟ್ಟಣದ ಆಹಾರಗಳಿಗೂ ಚೆನ್ನಾಗಿ ಒಪ್ಪುತ್ತದೆ. ಬಿಸ್ಕತ್ತು, ಹಿಟ್ಟು, ಮಸಾಲೆ ಪುಡಿಗಳ ಮೇಲೆ ‘ಗ್ಲುಟೆನ್ ಫ್ರೀ’ ಎಂಬ ಬರಹ ಈಗ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿದೆ. ಬಹುಮಂದಿಗೆ ಇದೊಂದು ಹೊಸ ಶೋಕಿ. ಆದರೆ ಕೆಲವು ಕುಟುಂಬಗಳ ಪಾಲಿಗೆ ಮಗುವಿನ ಆರೋಗ್ಯವೇ ಆ ಎರಡು ಪದಗಳ ಸತ್ಯಾಸತ್ಯತೆಯನ್ನು ಅವಲಂಬಿಸಿದೆ. ಆದುದರಿಂದ ಆ ಬರಹಕ್ಕೆ ಹೊಣೆಗಾರರು ಯಾರು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ರೋಗದ ಸ್ವರೂಪ

ಗ್ಲುಟೆನ್ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಸಸಾರಜನಕ. ಕಣಕಕ್ಕೆ ಜಿಗುಟುತನ ಬರುವುದು ಇದರಿಂದಲೇ. ಸೀಲಿಯಾಕ್ ರೋಗವುಳ್ಳವರು ಇದನ್ನು ಸೇವಿಸಿದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಇದರ ಫಲಗಳು. ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ ಅವರು 1950ರ ತಮ್ಮ ಪ್ರಬಂಧದಲ್ಲಿ ಈ ರೋಗಕ್ಕೂ ಗೋಧಿಗೂ ಇರುವ ಸಂಬಂಧವನ್ನು ಸ್ಥಾಪಿಸಿದರು. ಇಂದಿಗೂ ಜೀವನಪರ್ಯಂತ ಪಥ್ಯವೇ ಇದರ ಮುಖ್ಯ ಚಿಕಿತ್ಸೆ.

ನಮ್ಮ ದೇಶದಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಈ ರೋಗದ ಪ್ರಮಾಣ ಉತ್ತರದಲ್ಲಿ ಶೇಕಡಾ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ರೋಗಕ್ಕೆ ಎಡೆಮಾಡುವ ಆನುವಂಶಿಕ ಗುಣ ಮೂರೂ ಕಡೆ ಹೆಚ್ಚು ಕಡಿಮೆ ಒಂದೇ ತೆರನಾಗಿದ್ದು, ಗೋಧಿಯ ಬಳಕೆಯಲ್ಲಿ ಮಾತ್ರ ದೊಡ್ಡ ಅಂತರವಿತ್ತು. ಅನ್ನ, ಮುದ್ದೆ, ಜೋಳದ ರೊಟ್ಟಿಯ ನಾಡಿನಿಂದ ಬಂದು ಮಕ್ಕಳನ್ನು ಚಪಾತಿ, ಬ್ರೆಡ್ಡಿನ ಮೇಲೆ ಬೆಳೆಸುತ್ತಿರುವ ಹೊರನಾಡ ಕನ್ನಡಿಗರು ಈ ಅಂಕಿಗಳನ್ನು ಗಮನಿಸಬೇಕು.

ಇಪ್ಪತ್ತರ ಲೆಕ್ಕ

‘ಗ್ಲುಟೆನ್ ಫ್ರೀ’ ಎಂದರೆ ಲೆಕ್ಕದಲ್ಲಿ ಸೊನ್ನೆಯಲ್ಲ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದೆಂಬುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನಕ ಮಂಡಲಿ 2008ರಲ್ಲಿ ಒಪ್ಪಿದ ಮಿತಿ. ಭಾರತವೂ 2016ರಲ್ಲಿ ಇದೇ ಮಿತಿಯನ್ನು ವಿಧಿಸಿತು. ಕಿಲೋ ಎಂದರೆ 10 ಲಕ್ಷ ಮಿಲಿಗ್ರಾಂ. ಅಂದರೆ 10 ಲಕ್ಷ ರೂಪಾಯಿಯ ಠೇವಣಿಯಲ್ಲಿ 20 ರೂಪಾಯಿಯಷ್ಟು ಮಾತ್ರ ವ್ಯತ್ಯಾಸಕ್ಕೆ ಅವಕಾಶ! ಒಂದೇ ಚಪಾತಿಯಲ್ಲಿ 2 ಗ್ರಾಂಗೂ ಮಿಕ್ಕಿ ಗ್ಲುಟೆನ್ ಇರುತ್ತದೆ. ರೋಗಿಗಳಿಗಾದರೋ ನಿತ್ಯ 50 ಮಿಲಿಗ್ರಾಂ ಕೂಡ ಕೆಡುಕು ಮಾಡಬಲ್ಲದು. ಇನ್ನು 20ರಿಂದ 100 ಮಿಲಿಗ್ರಾಂ ಇರುವ ‘ಲೋ ಗ್ಲುಟೆನ್’ ಪದಾರ್ಥ ಬೇರೆಯೇ ವರ್ಗದ್ದು. ಅದನ್ನು ‘ಫ್ರೀ’ ಎಂದು ಭ್ರಮಿಸಲಾಗದು.

ಮೂರು ಮುದ್ರೆಗಳು, ಮೂರು ಅರ್ಥಗಳು

ಪೊಟ್ಟಣದ ಮೇಲೆ ಸಾಮಾನ್ಯವಾಗಿ ಮೂರು ಬಗೆಯ ಮುದ್ರೆಗಳು ಕಾಣುತ್ತವೆ. ಗ್ರಾಹಕರು ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಮೋಸಕ್ಕೆ ಹಾದಿಯಾಗುತ್ತದೆ.

ಮೊದಲನೆಯದು ತಯಾರಕನ ಸ್ವಂತ ಘೋಷಣೆ. ಇದು ಸಾಲ ಕೇಳಲು ಬಂದವನು ತನ್ನ ಆದಾಯವನ್ನು ತಾನೇ ಬರೆದುಕೊಟ್ಟಂತೆ. ಅದು ನಿಜವಿರಬಹುದು, ಆದರೆ ಪರಿಶೀಲಿಸಿದವರ ರುಜು ಅದರ ಮೇಲಿಲ್ಲ.

ಎರಡನೆಯದು ಎಫ್.ಎಸ್.ಎಸ್.ಎ.ಐ. ಚಿಹ್ನೆ ಮತ್ತು 14 ಅಂಕಿಗಳ ಸಂಖ್ಯೆ. ಇದು ಉದ್ಯಮ ನಡೆಸಲು ದೊರೆತ ಪರವಾನಗಿಯ ಗುರುತು. ‘ಈ ಪೊಟ್ಟಣದಲ್ಲಿ ಗ್ಲುಟೆನ್ ಇಲ್ಲ’ ಎಂದು ಸರ್ಕಾರ ಕೊಟ್ಟ ಪ್ರಮಾಣಪತ್ರವಲ್ಲ.

ಮೂರನೆಯದು ಸ್ವತಂತ್ರ ಸಂಸ್ಥೆಯ ಪ್ರಮಾಣ ಮುದ್ರೆ. ಗೋಧಿಯ ತೆನೆಗೆ ಅಡ್ಡಗೆರೆ ಎಳೆದಿರುವ ಯುರೋಪಿನ ಚಿಹ್ನೆಯು ನೋಂದಾಯಿತ ಮುದ್ರೆಯಾಗಿದ್ದು, ಅದರೊಡನೆ ಪರವಾನಗಿ ಸಂಖ್ಯೆ ಇರಬೇಕು. ಸಂಖ್ಯೆಯಿಲ್ಲದ ತೆನೆಯ ಚಿತ್ರವನ್ನು ಯಾವ ಮುದ್ರಣಾಲಯವೂ ಅಚ್ಚು ಹಾಕಬಲ್ಲದು. ಪ್ರಯೋಗಾಲಯದ ವರದಿಯೂ ಅಷ್ಟೇ: ಪರೀಕ್ಷೆಗೆ ಕೊಟ್ಟ ಮಾದರಿಯ ಬಗ್ಗೆ ಅದು ಹೇಳುತ್ತದೆಯೇ ಹೊರತು ಮುಂದಿನ ತಿಂಗಳ ತಯಾರಿಕೆಯ ಬಗ್ಗೆ ಅಲ್ಲ.

ಎರಡು ನಿದರ್ಶನಗಳು

ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದಲ್ಲಿ ವ್ಯಾಪಾರಿಯೊಬ್ಬ ಸಾಮಾನ್ಯ ಗೋಧಿ ಬ್ರೆಡ್ಡನ್ನು ಬೇರೆ ಪೊಟ್ಟಣಕ್ಕೆ ತುಂಬಿ ‘ಗ್ಲುಟೆನ್ ಫ್ರೀ’ ಎಂದು ಮಾರಿದ. ತಿಂದ ರೋಗಿಗಳು ಅಸ್ವಸ್ಥರಾದರು. 2011ರಲ್ಲಿ ನ್ಯಾಯಾಲಯ ಅವನಿಗೆ ದೀರ್ಘ ಸೆರೆವಾಸ ವಿಧಿಸಿತು. ಇದು ಬುದ್ಧಿಪೂರ್ವಕ ವಂಚನೆ. ಮತ್ತೊಂದು, 2015ರ ಅಕ್ಟೋಬರ್ ತಿಂಗಳ ಸಂಗತಿ. ಜನರಲ್ ಮಿಲ್ಸ್ ಕಂಪನಿಯ ಕ್ಯಾಲಿಫೋರ್ನಿಯಾದ ಲೋಡಿ ಕಾರ್ಖಾನೆಯಲ್ಲಿ ಓಟ್ಸ್ ಹಿಟ್ಟಿನೊಡನೆ ಗೋಧಿ ಹಿಟ್ಟು ಸೇರಿಹೋಗಿ, ‘ಗ್ಲುಟೆನ್ ಫ್ರೀ’ ಎಂದು ಅಚ್ಚಾಗಿದ್ದ ಚೀರಿಯೋಸ್‌ನ 18 ಲಕ್ಷ ಪೊಟ್ಟಣಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಇಲ್ಲಿ ದುರುದ್ದೇಶವಿರಲಿಲ್ಲ, ಅಜಾಗರೂಕತೆಯಿತ್ತು. ರೋಗಿಯ ಕರುಳಿಗೆ ಈ ಭೇದ ತಿಳಿಯದು.

ನಮ್ಮ ಅಡುಗೆಮನೆಯಲ್ಲಿ

ಅಕ್ಕಿ, ರಾಗಿ, ಜೋಳ, ನವಣೆ, ಬೇಳೆಗಳಲ್ಲಿ ಸ್ವಭಾವತಃ ಗ್ಲುಟೆನ್ ಇಲ್ಲ. ಹೀಗಿರುವಾಗ ಇಡಿಯ ಅಕ್ಕಿಯ ಚೀಲದ ಮೇಲೆ ಆ ಮಾತನ್ನು ಅಚ್ಚುಹಾಕಿ ಹೆಚ್ಚು ಬೆಲೆ ಕೇಳಿದರೆ ಗ್ರಾಹಕನಿಗೆ ವಿಶೇಷ ಲಾಭವೇನೂ ಇಲ್ಲ. ಅಪಾಯವಿರುವುದು ಅನುಮಾನಕ್ಕೆಡೆಯಿಲ್ಲದ ಕಡೆಗಳಲ್ಲಿ. ಸಾರಿನ ಒಗ್ಗರಣೆಗೆ ಹಾಕುವ ಡಬ್ಬಿ ಇಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ. ‘ರಾಗಿ ಬಿಸ್ಕತ್ತಿ’ನಲ್ಲಿ ಮೈದಾ ಇರಬಹುದು. ‘ಗೋಧಿ ಇಲ್ಲ’ ಎಂದ ಪಾನೀಯದ ಪುಡಿಯಲ್ಲಿ ಬಾರ್ಲಿಯ ಮಾಲ್ಟ್ ಇರಬಹುದು. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಿದರೆ ಶುದ್ಧ ಜೋಳವೂ ಪಥ್ಯಕ್ಕೆ ಒದಗುವುದಿಲ್ಲ.

ಮಾಡಬೇಕಾದುದೇನು?

ಸಂಶಯ ಬಂದಕೂಡಲೇ ತಾವಾಗಿ ಗೋಧಿಯನ್ನು ಬಿಡಬಾರದು. ಮೊದಲೇ ಬಿಟ್ಟರೆ ರಕ್ತಪರೀಕ್ಷೆಯೂ ಕರುಳಿನ ಪರೀಕ್ಷೆಯೂ ರೋಗವನ್ನು ತೋರಿಸದೆ ಹೋಗಬಹುದು. ವೈದ್ಯರು ರೋಗವನ್ನು ಖಚಿತಪಡಿಸಿದ ಮೇಲೆ ಪಥ್ಯ ಕಟ್ಟುನಿಟ್ಟಾಗಿರಲಿ. ಪೊಟ್ಟಣದ ಮುಂಭಾಗದ ದೊಡ್ಡಕ್ಷರಕ್ಕಿಂತ ಹಿಂಭಾಗದ ಘಟಕಾಂಶಗಳ ಪಟ್ಟಿಯನ್ನೂ, ‘ಕಂಟೇನ್ಸ್’ ಎಂಬ ಅಲರ್ಜಿ ಸೂಚನೆಯನ್ನೂ ಓದಬೇಕು. ಪ್ರಮಾಣ ಮುದ್ರೆಯಿದ್ದರೆ ಸಂಖ್ಯೆಯನ್ನು ನೋಡಿ, ಅದನ್ನು ಕೊಟ್ಟ ಸಂಸ್ಥೆಯಲ್ಲಿ ವಿಚಾರಿಸಬೇಕು. ಪ್ರತಿ ಹೊಸ ಪೊಟ್ಟಣವನ್ನೂ ಹೊಸದಾಗಿ ಓದುವುದು ಕ್ಷೇಮ.

ಅನುಮಾನ ಬಂದಾಗ ಪೊಟ್ಟಣ, ಬ್ಯಾಚ್ ಸಂಖ್ಯೆ, ರಸೀದಿಗಳನ್ನು ಎಸೆಯದಿರಿ. ದೂರಿಗೆ ಇವೇ ಆಧಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆಹಾರ ಸುರಕ್ಷತಾ ಕಾಯಿದೆ, 2006ರ ಪ್ರಕಾರ ತಪ್ಪು ಲೇಬಲ್ಲಿಗೆ 3 ಲಕ್ಷ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ದೂರು ಕೊಡುವವರೇ ಇಲ್ಲದಿದ್ದರೆ ಕಾಯಿದೆ ಕಪಾಟಿನಲ್ಲೇ ಉಳಿಯುತ್ತದೆ.

ನಮ್ಮ ಸಂಘ ಸಂಸ್ಥೆಗಳೂ ಒಂದು ಕೆಲಸ ಮಾಡಬಹುದು. ರಾಜ್ಯೋತ್ಸವದ ಊಟದಲ್ಲಿ ಯಾವ ಯಾವ ಪದಾರ್ಥಕ್ಕೆ ಗೋಧಿ, ರವೆ, ಮೈದಾ, ಡಬ್ಬಿ ಇಂಗು ಬಳಸಿದೆ ಎಂದು ಅಡುಗೆಯವರಿಂದ ಕೇಳಿ ತಿಳಿದು ಒಂದು ಫಲಕದಲ್ಲಿ ಬರೆಸಿದರೆ, ಪಥ್ಯದಲ್ಲಿರುವ ಮಗುವೂ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ನಿಶ್ಚಿಂತೆಯಿಂದ ಉಣ್ಣಬಹುದು.