ಮೊಳಕೆಯ ಮೌಲ್ಯ: ಬೇಸ್‌ಬಾಲ್ ಆಟದ ರೂಕಿ ಕಾರ್ಡುಗಳೂ ಅವುಗಳ ಸಂಗ್ರಾಹಕರೂ

ವಸ್ತುಸಂಗ್ರಹದ ಹವ್ಯಾಸವು ಮಾನವನಿಗೆ ಹೊಸದಲ್ಲ. ನಾಣ್ಯ, ಅಂಚೆಚೀಟಿ, ಹಸ್ತಾಕ್ಷರ ಮೊದಲಾದುವನ್ನು ಕೂಡಿಡುವವರು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಇವೆಲ್ಲವೂ ಬಹುಮಟ್ಟಿಗೆ ಆಗಿಹೋದುದರ ಕುರುಹುಗಳು. ಇನ್ನೂ ಆಗಬೇಕಾಗಿರುವುದರ ಕುರುಹನ್ನು ಹಣ ಕೊಟ್ಟು ಕೊಂಡು, ಅದು ಆಗುವವರೆಗೆ ಕಾದಿಡುವ ಸಂಗ್ರಾಹಕರೂ ಇದ್ದಾರೆಂಬುದು ವಿಚಾರಾರ್ಹವಾದ ಸಂಗತಿ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟದ ಹೊಸ ಆಟಗಾರರ ಕಾರ್ಡುಗಳನ್ನು ಸಂಗ್ರಹಿಸುವವರು ಇಂತಹವರು. ಈ ಕಾರ್ಡುಗಳ ಆಕರ್ಷಣೆ ಯಾವುದರಲ್ಲಿ ಅಡಗಿದೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸೋಣ.

ಮೊದಲು ವಸ್ತುವಿನ ಪರಿಚಯ ಅಗತ್ಯ. ಬೇಸ್‌ಬಾಲ್ ಕಾರ್ಡೆಂಬುದು ಅಂಗೈಯಲ್ಲಿ ಹಿಡಿಯುವಷ್ಟು ಅಗಲದ ರಟ್ಟಿನ ತುಂಡು. ಅದರ ಮುಂಭಾಗದಲ್ಲಿ ಆಟಗಾರನ ಚಿತ್ರವೂ, ಹಿಂಭಾಗದಲ್ಲಿ ಸಾಮಾನ್ಯವಾಗಿ ಅವನ ವಿವರಗಳೂ ಆಟದ ಅಂಕಿಗಳೂ ಇರುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇವು ಸಿಗರೇಟಿನ ಪೊಟ್ಟಣಗಳೊಡನೆ ಬರುತ್ತಿದ್ದುವು. ಅನಂತರ ಮಕ್ಕಳು ಅಗಿಯುವ ಗಮ್ಮಿನೊಡನೆ ಬಂದುವು. 1948ರಲ್ಲಿ ಬೋಮನ್ ಸಂಸ್ಥೆಯೂ, 1952ರಲ್ಲಿ ಟಾಪ್ಸ್ ಸಂಸ್ಥೆಯ ಪ್ರಸಿದ್ಧ ಮಾಲೆಯೂ ಈ ಕ್ಷೇತ್ರದಲ್ಲಿ ಕಾಣಿಸಿಕೊಂಡುವು. 1956ರಲ್ಲಿ ಟಾಪ್ಸ್ ಸಂಸ್ಥೆಯು ಬೋಮನ್ನನ್ನು ಕೊಂಡುಕೊಂಡಿತು. ಆ ಬೋಮನ್ ಎಂಬ ಹೆಸರನ್ನು 1989ರಲ್ಲಿ ಪುನರುಜ್ಜೀವನಗೊಳಿಸಲಾಯಿತು. ಇಂದು ಅದು ವಿಶೇಷವಾಗಿ ಹೊಸಬರ ಕಾರ್ಡುಗಳಿಗೆ ಮೀಸಲಾಗಿದೆ.

ಹೊಸಬರಲ್ಲಿಯೂ ಎರಡು ವರ್ಗಗಳಿವೆ. ಆ ದೇಶದ ವೃತ್ತಿಪರ ಆಟದ ಅತ್ಯುನ್ನತ ಮಟ್ಟವನ್ನು ಮೇಜರ್ ಲೀಗ್ ಎನ್ನುತ್ತಾರೆ. ಅದಕ್ಕೆ ಕೆಳಗೆ, ತರುಣರು ವರ್ಷಗಟ್ಟಲೆ ಪಳಗುವ ಮೈನರ್ ಲೀಗುಗಳಿವೆ. ಮೇಜರ್ ಲೀಗನ್ನು ಈಗತಾನೆ ಪ್ರವೇಶಿಸಿದವನು ರೂಕಿ. ಇನ್ನೂ ಪ್ರವೇಶಿಸದೆ, ಪ್ರವೇಶಿಸಬಹುದೆಂಬ ಭರವಸೆಯನ್ನು ಮಾತ್ರ ಹುಟ್ಟಿಸಿರುವವನು ಪ್ರಾಸ್ಪೆಕ್ಟ್. 2006ರಿಂದ, ಮೇಜರ್ ಲೀಗಿನ ತಂಡದಲ್ಲಿ ಸ್ಥಾನ ಪಡೆದವನ ಕಾರ್ಡಿಗೆ ಮಾತ್ರ ರೂಕಿ ಕಾರ್ಡೆಂಬ ಲಾಂಛನವನ್ನು ಹಾಕುವ ಪದ್ಧತಿ ಬಂದಿತು. ಮೇಲುನೋಟಕ್ಕೆ ಇದು ಸಣ್ಣ ಭೇದ. ಆದರೆ ಈ ಎರಡು ಬಗೆಯ ಕಾರ್ಡುಗಳ ಆಕರ್ಷಣೆಗೆ ಆಧಾರವಾದ ಭಾವನೆಗಳು ಬೇರೆಬೇರೆಯೆಂಬುದು ನಮ್ಮ ಅಭಿಪ್ರಾಯ.

ರೂಕಿ ಕಾರ್ಡಿನ ಬಲವಿರುವುದು ಪ್ರಾಥಮ್ಯದಲ್ಲಿ. ಗ್ರಂಥಪ್ರೇಮಿಗಳು ಪ್ರಥಮ ಮುದ್ರಣದ ಪ್ರತಿಗೆ ಸಲ್ಲಿಸುವ ಗೌರವವೇ ಇಲ್ಲಿಯೂ ಕಾಣುತ್ತದೆ. ಆಟಗಾರನು ಇಪ್ಪತ್ತು ವರ್ಷ ಆಡಿದರೆ ಅವನ ಕಾರ್ಡುಗಳು ನೂರಾರು ಬರಬಹುದು. ಮೊದಲನೆಯ ವರ್ಷ ಮಾತ್ರ ಒಂದೇ. ಅವನು ಮುಂದೆ ಏನೇ ಸಾಧಿಸಲಿ, ಸಾಧಿಸದಿರಲಿ, ಅದು ಬದಲಾಗದು.

ಆದರೆ ಪ್ರಾಥಮ್ಯವೊಂದೇ ಬೆಲೆಯನ್ನು ನಿರ್ಧರಿಸುವುದಿಲ್ಲ. ಮಿಕ್ಕಿ ಮ್ಯಾಂಟಲ್ಲನ ನಿದರ್ಶನವನ್ನು ತೆಗೆದುಕೊಳ್ಳಬಹುದು. ಅವನ ರೂಕಿ ಕಾರ್ಡು 1951ರ ಬೋಮನ್ ಮಾಲೆಯದು. ಆದರೆ 2022ರ ಆಗಸ್ಟ್ ತಿಂಗಳಿನ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರುಗಳಿಗೆ ಮಾರಾಟವಾದುದು 1952ರ ಟಾಪ್ಸ್ ಮಾಲೆಯ 311ನೆಯ ಸಂಖ್ಯೆಯ ಕಾರ್ಡು. ಆ ಮಾಲೆಯ ಕೊನೆಯ ಭಾಗವು ಋತು ಮುಗಿಯುತ್ತ ಬಂದಾಗ ಅಂಗಡಿಗಳಿಗೆ ಬಂದುದರಿಂದ ಹೆಚ್ಚಾಗಿ ಖರ್ಚಾಗಲಿಲ್ಲ. ಮಾಲೆಯನ್ನು ರೂಪಿಸಿದ ಸೈ ಬರ್ಜರ್ ತಾವೇ ಹೇಳಿರುವಂತೆ, ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಯಲಾಯಿತು. ವಿರಳತೆಯೂ, ಆ ಮಾಲೆಗೆ ದೊರೆತ ಖ್ಯಾತಿಯೂ ಕೂಡಿ, ಎರಡನೆಯ ವರ್ಷದ ಕಾರ್ಡು ಮೊದಲನೆಯದನ್ನು ಮೀರಿಸಿತು.

ಇನ್ನು ಪ್ರಾಸ್ಪೆಕ್ಟ್ ಕಾರ್ಡು. ಇಲ್ಲಿ ಸಾಧನೆಯೇ ಇಲ್ಲ; ಇರುವುದು ನಿರೀಕ್ಷೆ ಮಾತ್ರ. ‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎಂಬ ಗಾದೆಯನ್ನು ನಂಬಿ ಹಣ ಹೂಡುವವನೇ ಈ ಕಾರ್ಡಿನ ಸಂಗ್ರಾಹಕ. ಮೈಕ್ ಟ್ರೌಟ್ ಎಂಬ ತರುಣನನ್ನು 2009ರಲ್ಲಿ ಏಂಜೆಲ್ಸ್ ತಂಡವು ಆರಿಸಿಕೊಂಡಾಗ ಅವನಿಗೆ 17 ವರ್ಷ. ವಾರ್ಷಿಕ ಆಯ್ಕೆಯ ಸರದಿಯಲ್ಲಿ ಅವನು 25ನೆಯವನು. ಅವನನ್ನು ಆರಿಸಿದ ತಂಡವೇ ಒಂದು ಸರದಿ ಮೊದಲು ಬೇರೊಬ್ಬನನ್ನು ಆರಿಸಿತ್ತು. ಆ ವರ್ಷದ ಬೋಮನ್ ಮಾಲೆಯಲ್ಲಿ ಅವನ ಹಸ್ತಾಕ್ಷರವುಳ್ಳ, ಒಂದೇ ಒಂದು ಪ್ರತಿಯಿರುವ ಕಾರ್ಡು ಹೊರಬಂದಿತು. 2011ರಲ್ಲಿ ಅವನು ಮೇಜರ್ ಲೀಗಿಗೆ ಬಂದನು. 2014, 2016 ಮತ್ತು 2019ರಲ್ಲಿ ತನ್ನ ಲೀಗಿನ ಅತ್ಯಂತ ಮೌಲಿಕ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದನು. 2020ರ ಆಗಸ್ಟ್‌ನಲ್ಲಿ ಆ ಒಂಟಿ ಕಾರ್ಡಿಗೆ 39 ಲಕ್ಷ ಡಾಲರುಗಳಿಗೂ ಮಿಕ್ಕ ಬೆಲೆ ಬಂದಿತು. ಅದುವರೆಗೆ ಯಾವ ಕ್ರೀಡಾಕಾರ್ಡಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಗಮನಿಸಬೇಕಾದುದೆಂದರೆ, ಅದು ಲಾಂಛನವುಳ್ಳ ರೂಕಿ ಕಾರ್ಡಲ್ಲ. ಅದಕ್ಕಿಂತ ಎರಡು ವರ್ಷ ಹಿಂದಿನ ಮೊಳಕೆ.

ಹಾಗಾದರೆ ಮೊಳಕೆಯಲ್ಲಿ ಸಿರಿಯನ್ನು ಕಾಣಬಲ್ಲವರಾರು? 1987ರ ಆಯ್ಕೆಯಲ್ಲಿ ಕಿರಿಯ ಕೆನ್ ಗ್ರಿಫಿಯು ಮೊಟ್ಟಮೊದಲನೆಯವನಾಗಿ ಆಯ್ಕೆಯಾದನು. 1989ರಲ್ಲಿ ಅಪ್ಪರ್ ಡೆಕ್ ಎಂಬ ಹೊಸ ಸಂಸ್ಥೆಯು ತನ್ನ ಮೊದಲ ಮಾಲೆಯ 1ನೆಯ ಸಂಖ್ಯೆಯನ್ನು, ಮೇಜರ್ ಲೀಗಿನಲ್ಲಿ ಇನ್ನೂ ಒಂದು ಪಂದ್ಯವನ್ನೂ ಆಡದಿದ್ದ ಈ ತರುಣನಿಗೆ ಕೊಟ್ಟಿತು. ಆ ಊಹೆ ಫಲಿಸಿತು. ಇದಕ್ಕೆ ವ್ಯತಿರಿಕ್ತವಾಗಿ, 1988ರ ಆಯ್ಕೆಯಲ್ಲಿ ಮೈಕ್ ಪಿಯಾಜ಼ಾ ಎಂಬವನ ಹೆಸರು ಬಂದುದು 62ನೆಯ ಸುತ್ತಿನಲ್ಲಿ, 1390ನೆಯದಾಗಿ. ಅವನ ಮೊಳಕೆಯನ್ನು ನೋಡಿ ಸಿರಿಯನ್ನು ಊಹಿಸಿದವರು ಇಲ್ಲವೆಂದೇ ಹೇಳಬೇಕು. ಆದರೂ 2016ರಲ್ಲಿ ಬೇಸ್‌ಬಾಲ್ ಆಟದ ಕೀರ್ತಿಮಂದಿರಕ್ಕೆ ಇವರಿಬ್ಬರೂ ಒಂದೇ ದಿನ ಸೇರಿದರು.

ಮೂರನೆಯ ನಿದರ್ಶನವು ವಿಷಾದಕರವಾದುದು. 1991ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಬ್ರಿಯನ್ ಟೇಲರನು ಎಡಗೈಯ ಪಿಚರ್, ಎಂದರೆ ಚೆಂಡೆಸೆಯುವ ಆಟಗಾರ. ಯಾಂಕೀಸ್ ತಂಡವು ಅವನಿಗೆ 15 ಲಕ್ಷ 50 ಸಾವಿರ ಡಾಲರುಗಳನ್ನು ಕೊಟ್ಟಿತು. 1992ರ ಟಾಪ್ಸ್ ಮಾಲೆಯಲ್ಲಿ ಅವನ ಕಾರ್ಡು ಬಂದಾಗ ಸಂಗ್ರಾಹಕರು ಉತ್ಸಾಹದಿಂದ ಕೂಡಿಟ್ಟರು. 1993ರ ಡಿಸೆಂಬರಿನಲ್ಲಿ ಒಂದು ಜಗಳದಲ್ಲಿ ಅವನ ಭುಜಕ್ಕೆ ಪೆಟ್ಟಾಯಿತು. ಅವನು ಮೇಜರ್ ಲೀಗಿನಲ್ಲಿ ಒಂದು ದಿನವೂ ಆಡಲಿಲ್ಲ. ಕಾರ್ಡಿನ ಮೇಲಿನ ಚಿತ್ರ ಹಾಗೆಯೇ ಇದೆ, ರಟ್ಟು ಮಾಸಿಲ್ಲ. ಹೋದುದು ಅದರ ಹಿಂದಿದ್ದ ನಾಳೆ. ಕೊಂಡವನಿಗೆ ಇದರಿಂದಾದ ನಷ್ಟ ಕೆಲವು ಡಾಲರುಗಳದು. ಚಿತ್ರದಲ್ಲಿರುವವನಿಗಾದ ನಷ್ಟ ಒಂದು ಬಾಳಿನದು. ಬೆಲೆಪಟ್ಟಿಗಳನ್ನು ಓದುವಾಗ ಈ ಅಂತರವನ್ನು ಮರೆಯಲಾಗದು.

ನಿರೀಕ್ಷೆಯೇ ಸರಕಾದಾಗ ಆಗುವ ಇನ್ನೊಂದು ಪರಿಣಾಮವೂ ಉಂಟು. ಹಳೆಯ ಕಾರ್ಡುಗಳು ವಿರಳವಾದುದಕ್ಕೆ ಕಾರಣ, ಅವನ್ನು ಯಾರೂ ಬೆಲೆಯುಳ್ಳ ವಸ್ತುಗಳೆಂದು ಭಾವಿಸದೆ ಕಳೆದುಕೊಂಡುದು. ಅವುಗಳಿಗೆ ದೊಡ್ಡ ಬೆಲೆ ಬರತೊಡಗಿದೊಡನೆ, 1980ರ ದಶಕದ ಉತ್ತರಾರ್ಧದಲ್ಲಿ ಜನರು ಹೊಸಬರ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಜೋಪಾನ ಮಾಡಿದರು. ತಯಾರಕರು ಅಪಾರವಾಗಿ ಅಚ್ಚುಹಾಕಿದರು. ಎಲ್ಲರೂ ಕಾದಿಟ್ಟುದರಿಂದ ಯಾವುದೂ ವಿರಳವಾಗಲಿಲ್ಲ, ಬೆಲೆಗಳು ಕುಸಿದುವು. ಬಳಿಕ ತಯಾರಕರು ವಿರಳತೆಯನ್ನೇ ಕೃತಕವಾಗಿ ನಿರ್ಮಿಸಿದರು: ಸಂಖ್ಯೆ ಗೊತ್ತುಮಾಡಿದ ಪ್ರತಿಗಳು, ಹಸ್ತಾಕ್ಷರಗಳು, ಒಂಟಿ ಕಾರ್ಡುಗಳು ಬಂದುವು. 1991ರಲ್ಲಿ ಪಿ.ಎಸ್.ಎ. ಎಂಬ ಸಂಸ್ಥೆಯು ಕಾರ್ಡುಗಳ ಸ್ಥಿತಿಯನ್ನು ಪರೀಕ್ಷಿಸಿ 1ರಿಂದ 10ರವರೆಗೆ ದರ್ಜೆ ಕೊಡಲಾರಂಭಿಸಿತು. ಅಂಚು, ಮೂಲೆ, ಮೇಲ್ಮೈ ಇವುಗಳನ್ನು ಅಳೆಯುವುದು ಸಾಧ್ಯವಾಯಿತು. ಅಳೆಯಲಾಗದೆ ಉಳಿದುದು ಆಟಗಾರನ ಭವಿಷ್ಯವೊಂದೇ.

ಇಷ್ಟು ಅನಿಶ್ಚಯವಿದ್ದರೂ ಆಕರ್ಷಣೆ ಕುಗ್ಗದಿರುವುದೇಕೆ? ಲಾಭದ ಆಸೆ ಉಂಟೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ ನಷ್ಟವಾದೊಡನೆ ಹವ್ಯಾಸವೂ ಮುಗಿಯಬೇಕಾಗಿತ್ತು. ಸಂಗ್ರಾಹಕನಿಗೆ ಬೇಕಾಗಿರುವುದು, ‘ಲೋಕ ಗುರುತಿಸುವುದಕ್ಕೆ ಮೊದಲೇ ನಾನು ಗುರುತಿಸಿದೆ’ ಎಂಬ ತೃಪ್ತಿ. ಒಬ್ಬ ಅಜ್ಞಾತ ಹುಡುಗನ ಚಿತ್ರವನ್ನು ಕೊಂಡ ದಿನದಿಂದ ಅವನ ಪ್ರತಿಯೊಂದು ಪಂದ್ಯವೂ ಸಂಗ್ರಾಹಕನಿಗೆ ಸ್ವಂತ ವಿಷಯವಾಗುತ್ತದೆ. ಪ್ರೇಕ್ಷಕನಾಗಿದ್ದವನು ಪಾಲುದಾರನಾಗುತ್ತಾನೆ.

ಒಟ್ಟಿನಲ್ಲಿ ಪ್ರಾಸ್ಪೆಕ್ಟ್ ಕಾರ್ಡು ಆಶೆಯ ಪತ್ರ, ರೂಕಿ ಕಾರ್ಡು ಆರಂಭದ ಸಾಕ್ಷಿ. ಆಟಗಾರನು ಗೆದ್ದರೆ ಮೊದಲನೆಯದೂ ಸಾಕ್ಷಿಯಾಗಿ ಪರಿಣಮಿಸುತ್ತದೆ; ಸೋತರೆ ಎರಡೂ ಪೆಟ್ಟಿಗೆಯ ತಳವನ್ನು ಸೇರುತ್ತವೆ. ಮೊಳಕೆಯಲ್ಲಿ ಸಿರಿ ಕಾಣುವುದುಂಟು, ಕಾಣದಿರುವುದೂ ಉಂಟು. ಗಾದೆಯು ಈ ಎರಡನೆಯ ಅರ್ಧವನ್ನು ಹೇಳುವುದಿಲ್ಲ. ತರುಣರನ್ನು ತೂಗಿನೋಡುವ ಕೆಲಸ ಯಾರದಾಗಿದ್ದರೂ, ವಿದ್ಯಾರ್ಥಿಗಳ ನಡುವೆ ಇರುವ ನಮ್ಮಂತಹವರದಾಗಿದ್ದರೂ, ಪಿಯಾಜ಼ಾ ಮತ್ತು ಟೇಲರ್ ಇವರ ಎರಡು ಕಾರ್ಡುಗಳನ್ನು ಜೊತೆಯಲ್ಲಿಟ್ಟು ನೋಡುವುದು ಒಳ್ಳೆಯದು.