ಸಮಾಸಪದಗಳ ಉಚ್ಚಾರಣೆ: ಬಾರಾಮತಿಯ ಕನ್ನಡಿಗರಿಗೊಂದು ಮಾತು

ಪರಭಾಷೆಯ ನಡುವೆ ಬಾಳುವವರ ಮನೆಗಳಲ್ಲಿ ತಾಯ್ನುಡಿಯು ಒಮ್ಮೆಲೇ ಮರೆಯಾಗುವುದಿಲ್ಲ. ಉಚ್ಚಾರಣೆಯಲ್ಲಿ ಮೆಲ್ಲಮೆಲ್ಲನೆ ಸವೆಯುತ್ತದೆ. ಬಾರಾಮತಿಯಲ್ಲಿ ಬೆಳೆಯುವ ಕನ್ನಡದ ಮಗುವು ಮನೆಯಲ್ಲಿಯೂ ‘ರಾಜ್‌ಕಾರಣ್’ ಎಂದರೆ ಆಶ್ಚರ್ಯವೇನು? ಹಿರಿಯರು ನಗುತ್ತಾರೆ, ಮಗು ಕನ್ನಡ ನುಡಿಯಲು ಹಿಂಜರಿಯುತ್ತದೆ. ನಷ್ಟವು ಅಲ್ಲಿಂದಲೇ ಆರಂಭವಾಗುತ್ತದೆ.

ಬರಹದಲ್ಲಿ ಈ ಪದ ಎರಡು ಭಾಷೆಗಳಲ್ಲಿಯೂ ಒಂದೇ. ನಾವು ರಾ-ಜ-ಕಾ-ರ-ಣ ಎಂದು 5 ಅಕ್ಷರಗಳನ್ನು ನುಡಿಯುತ್ತೇವೆ. ಮರಾಠಿಗರು ರಾಜ್-ಕಾ-ರಣ್ ಎಂದು 3 ತುಂಡುಗಳಾಗಿ ನುಡಿಯುತ್ತಾರೆ. ಅಲ್ಲಿ ಪೂರ್ವಪದದ ಕೊನೆಯ ಅಕಾರವು ಮಾತಿನಲ್ಲಿ ಲೋಪವಾಗುತ್ತದೆ. ‘ದೇವ್‌ಘರ್’ ಎಂಬಲ್ಲಿಯೂ ಇದೇ ಕ್ರಮ. ಇದು ದೋಷವಲ್ಲ, ಆ ಭಾಷೆಯ ನಿಯಮ. ಪದಗಳು ಎಲ್ಲಿ ಕೂಡಿವೆಯೆಂಬುದನ್ನು ಅದು ಕಿವಿಗೆ ತಿಳಿಸುತ್ತದೆ. ಕನ್ನಡವು ಅದನ್ನೇ ಬೇರೆ ಬಗೆಯಲ್ಲಿ ತಿಳಿಸುತ್ತದೆ: ಮಳೆ, ಕಾಲ ಸೇರಿ ‘ಮಳೆಗಾಲ’, ಕಣ್, ಪನಿ ಸೇರಿ ‘ಕಂಬನಿ’. ಸ್ವರ ಉಳಿದು ವ್ಯಂಜನವು ಮೃದುವಾಗುವ ಇದನ್ನೇ ವೈಯಾಕರಣರು ಆದೇಶಸಂಧಿ ಎಂದರು.

ಇದು ನಮ್ಮಲ್ಲಿ ಮಾತ್ರ ಕಾಣುವ ತೊಡಕಲ್ಲ. ಸಮಾಸಗಳನ್ನು ಬಿಡದೆ ಕೂಡಿಸಿ ಬರೆಯುವ ಡಚ್ಚರಲ್ಲಿ ‘ಕ್ವಾರ್ಟ್‌ಸ್ಲಾಗೆನ್’ ಎಂಬ ಬರಹವನ್ನು ‘ಕ್ವಾರ್ಟ್-ಸ್ಲಾಗೆನ್’ ಎಂದು ಒಡೆದರೆ ಕಾಲು ಸುತ್ತುಗಳು, ‘ಕ್ವಾರ್ಟ್ಸ್-ಲಾಗೆನ್’ ಎಂದು ಒಡೆದರೆ ಸ್ಫಟಿಕಶಿಲೆಯ ಪದರಗಳು!

ಬಾರಾಮತಿಗೇ ಸಲ್ಲುವ ಸ್ವಾರಸ್ಯವೊಂದಿದೆ. ಪನ್ಹಾಳದಲ್ಲಿ 1729ರಲ್ಲಿ ಜನಿಸಿದ ಮೋರೋಪಂತ ಕವಿಯು ಬಾಳಿ, 1794ರಲ್ಲಿ ದೇಹವಿಟ್ಟದ್ದು ಕರ್ಹಾ ನದಿಯ ಈ ಊರಿನಲ್ಲಿಯೇ. ಆತನಿಗೆ ಪ್ರಿಯವಾದ ಆರ್ಯಾ ಛಂದಸ್ಸಿನಲ್ಲಿ ಮೊದಲ ಪಾದಕ್ಕೆ 12, ಎರಡನೆಯದಕ್ಕೆ 18 ಮಾತ್ರೆಗಳು. ನಮ್ಮ ಕಂದಪದ್ಯವೂ ಇದೇ ಕುಲದ್ದು. ಅಲ್ಲಿ ಎಣಿಕೆ 12 ಮತ್ತು 20. ‘ರಾಜಕಾರಣ’ದಲ್ಲಿ 7 ಮಾತ್ರೆಗಳಿವೆ, ‘ರಾಜ್‌ಕಾರಣ್’ ಎಂದರೆ 6 ಮಾತ್ರ ಉಳಿದು ಪದ್ಯ ಕುಂಟುತ್ತದೆ. ಆದಕಾರಣ ಆರ್ಯೆಯನ್ನು ಓದುವಾಗ ಮರಾಠಿಗರೂ ಅಳಿದ ಅಕಾರವನ್ನು ಮರಳಿ ನುಡಿಯುತ್ತಾರೆ. ನಮ್ಮ ಮನೆಮಾತಿನ ರೂಢಿಯೇ ಅಲ್ಲಿ ಮರ್ಯಾದೆ ಪಡೆಯುತ್ತದೆ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಗುವನ್ನು ಹಾಸ್ಯಮಾಡಬೇಡಿರಿ. ಪೇಟೆಯಲ್ಲಿ ಅದು ಮರಾಠಿಗರಂತೆಯೇ ನುಡಿಯಲಿ. ಮನೆಯಲ್ಲಿ ದಿನಕ್ಕೊಂದು ಪುಟ ಕನ್ನಡವನ್ನು ಗಟ್ಟಿಯಾಗಿ ಓದಿಸಿ, ಉದ್ದನೆಯ ಪದವನ್ನು ಬಿಡಿಸಿ ತೋರಿಸಿ, ಮತ್ತೆ ಕೂಡಿಸಿ ಹೇಳಿಸಿರಿ. ಎರಡು ನುಡಿಗಳ ನಡೆಯನ್ನೂ ಬಲ್ಲ ಮಗುವಿಗೆ ಯಾವುದೂ ಭಾರವಾಗದು.