ರದ್ದಿ ಕಟ್ಟಿನಿಂದ ಗೋಡೆಗೆ

ಹಳೇ ಪೇಪರ್ ಅಂಗಡಿಯ ತಕ್ಕಡಿಗೆ ‘ಚಂದಮಾಮ’ವೂ ಒಂದೇ, ಹರಿದ ನೋಟ್‌ಬುಕ್ಕೂ ಒಂದೇ, ಎರಡಕ್ಕೂ ಕಿಲೋ ಲೆಕ್ಕ. ಆದರೆ ಅದೇ ಕಟ್ಟನ್ನು ಬಿಚ್ಚಿ, ಧೂಳು ಕೊಡವಿ, ಮುಖಪುಟಕ್ಕಾಗಿಯೇ ತಡಕಾಡುವವರಿದ್ದಾರೆ. ಒಳಗಿನ ಕಥೆಗಿಂತ ಚಿತ್ರದ ಮೂಲೆಯಲ್ಲಿರುವ ಸಹಿಯ ಮೇಲೆ ಅವರ ಕಣ್ಣು.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಶುರುಮಾಡಿದ ಈ ಮಾಸಪತ್ರಿಕೆ ಬೇಗನೆ ಕನ್ನಡಕ್ಕೂ ಬಂತು. ಮಹಾಭಾರತದ ದೃಶ್ಯಗಳನ್ನು ಅದರ ಮುಖಪುಟಕ್ಕೆ ತಂದ ಎಂ.ಟಿ.ವಿ. ಆಚಾರ್ಯರು ನಮ್ಮವರೇ. ಆಮೇಲಿನ ಸಂಚಿಕೆಗಳಲ್ಲಿ ವಡ್ಡಾದಿ ಪಾಪಯ್ಯನವರ ‘ವ.ಪಾ’ ಸಹಿ ಕಾಣುತ್ತದೆ. ಹೆಗಲ ಮೇಲೆ ಹೆಣ ಹೊತ್ತು ನಡೆಯುವ ವಿಕ್ರಮನನ್ನು ಬರೆದ ಶಂಕರ್ ಇವರಿಬ್ಬರಿಗಿಂತ ಹೆಸರುವಾಸಿ. ಆದರೆ ಅದು ಒಳಪುಟದ ಮಾತು.

ಅಮೆರಿಕದಲ್ಲಿ ಈ ಹುಚ್ಚಿಗೆ ಮ್ಯೂಸಿಯಮ್ಮಿನ ಮನ್ನಣೆಯೇ ಸಿಕ್ಕಿದೆ. ನಾರ್ಮನ್ ರಾಕ್‌ವೆಲ್ 1916ರಿಂದ 1963ರವರೆಗೆ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆಗೆ 323 ಮುಖಪುಟ ಬರೆದರು. ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್‌ನಲ್ಲಿರುವ ಅವರ ಹೆಸರಿನ ಮ್ಯೂಸಿಯಂ ಅಚ್ಚಾದ ಆ ಪುಟಗಳನ್ನೇ ಸಾಲಾಗಿ ಗೋಡೆಗೇರಿಸಿದೆ. 1951ರ ನವೆಂಬರ್ ಸಂಚಿಕೆಯೊಂದರಲ್ಲಿ, ಗಿಜಿಗುಡುವ ಹೋಟೆಲಿನಲ್ಲಿ ಅಜ್ಜಿಯೂ ಪುಟ್ಟ ಹುಡುಗನೂ ಊಟಕ್ಕೆ ಮೊದಲು ತಲೆಬಾಗಿ ಪ್ರಾರ್ಥಿಸುತ್ತಿದ್ದಾರೆ. ಅದೇ ಮೇಜಿನ ಆಚೆ ಬದಿಗೆ ಕೂತ ಇಬ್ಬರು ಯುವಕರು ಕಣ್ಣು ಕೀಳದೆ ನೋಡುತ್ತಿದ್ದಾರೆ. ಇದರ ಮೂಲ ವರ್ಣಚಿತ್ರ 2013ರ ಹರಾಜಿನಲ್ಲಿ 4 ಕೋಟಿ 60 ಲಕ್ಷ ಡಾಲರಿಗೆ ಹೋಯಿತು. ಅಷ್ಟು ದುಡ್ಡಿಲ್ಲದವರಿಗೆ ಸಂಚಿಕೆಯೇ ಗತಿ. ಲಕ್ಷಗಟ್ಟಲೆ ಮನೆ ಹೊಕ್ಕಿದ್ದರಿಂದ ಅದು ಈಗಲೂ ಸಿಗುತ್ತದೆ.

ಕೆಲವು ಪ್ರತಿಗಳ ಮೂಲೆಯಲ್ಲಿ ಚಂದಾದಾರರ ವಿಳಾಸದ ಚೀಟಿ ಅಂಟಿರುತ್ತದೆ. ಕೆಲವರು ಇದನ್ನು ಕುಂದೆಂದು ಬೆಲೆ ಇಳಿಸುತ್ತಾರೆ. ಬೇಕೇ ಈ ಮಡಿ? ಅಂಚೆಯವನ ಚೀಲದಲ್ಲಿ ಕೂತು ಬಂದದ್ದಕ್ಕೆ ಅದೇ ಸಾಕ್ಷಿ. ಚೀಟಿ ಕೀಳಹೋದರೆ ಚಿತ್ರದ ಸಿಪ್ಪೆಯೂ ಜೊತೆಗೇ ಏಳುತ್ತದೆ.

ನಿಜವಾದ ಶತ್ರು ಬೆಳಕು. ಕಿಟಕಿಯೆದುರು ತೂಗುಹಾಕಿದ ಮುಖಪುಟದಲ್ಲಿ ಸಾಮಾನ್ಯವಾಗಿ ಕೆಂಪು, ಹಳದಿ ಮೊದಲು ಮಾಸುತ್ತವೆ. ನೀಲಿ, ಕಪ್ಪು ಉಳಿದು, ಹಬ್ಬದ ಸಂಭ್ರಮದಲ್ಲಿರುವವರೂ ಜ್ವರ ಬಂದವರಂತೆ ಕಾಣುತ್ತಾರೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಹುಟ್ಟಿ ಅಂಚು ಕಂದುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಸುತ್ತಲೂ ಕಂದು ಮಚ್ಚೆ ಬಿಡುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚುವುದಂತೂ ಬೇಡವೇ ಬೇಡ: ಟೇಪು ಉದುರಿದ ಮೇಲೂ ಅಂಟಿನ ಕಲೆ ಹೋಗದು. ಲ್ಯಾಮಿನೇಶನ್ನೂ ಅಷ್ಟೇ, ಒಮ್ಮೆ ಮಾಡಿದರೆ ಬಿಚ್ಚುವಂತಿಲ್ಲ.

ಫ್ರೇಮಿನ ಅಂಗಡಿಯಲ್ಲಿ ಆಮ್ಲರಹಿತ ಮೌಂಟ್ ಬೋರ್ಡ್ ಕೇಳಬೇಕು. ಗಾಜು ಕಾಗದಕ್ಕೆ ತಾಗಬಾರದು, ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ಮುಖಪುಟವನ್ನು ಕಿತ್ತು ಫ್ರೇಮು ಹಾಕಿಸಬೇಕೋ, ಇಡೀ ಸಂಚಿಕೆಯನ್ನೇ ಉಳಿಸಬೇಕೋ ಎಂಬ ಜಗಳ ಇದ್ದೇ ಇದೆ. ಕಿತ್ತದ್ದನ್ನು ಮತ್ತೆ ಹೊಲಿಯಲಾಗದು, ಹಾಗಾಗಿ ಎರಡನೆಯವರ ಮಾತೇ ಹೆಚ್ಚು ತೂಗುತ್ತದೆ. ಇಂಥವರು ಬಿಚ್ಚಿ ಹಾಕಬಹುದಾದ ಒಂದೇ ಆಳದ ಫ್ರೇಮು ಇಟ್ಟುಕೊಂಡು ಸಂಚಿಕೆ ಬದಲಿಸುತ್ತಿರುತ್ತಾರೆ. ದೀಪಾವಳಿಯ ಮುಖಪುಟ ದೀಪಾವಳಿಗೆ ಗೋಡೆ ಹತ್ತುತ್ತದೆ. ಹಬ್ಬ ಮುಗಿದ ಮೇಲೆ ಮತ್ತೆ ಬೀರುವಿನ ಕತ್ತಲಿಗೆ.